ಹಳೆಯ ಆರ್ಗೋ ಸಿಕ್ಸ್ ಬೈ ಸಿಕ್ಸ್: ಮೆಕ್ಯಾನಿಕಲ್ ಬ್ರೇಕಿನ ಗಾಡಿ ಕೊಳ್ಳಬಹುದೇ? ಪ್ಯಾಡ್ ಬದಲಿಸುವ ಮೊದಲು ಏನು ನೋಡಬೇಕು?

ನೆಲದ ಮೇಲೂ ನೀರಿನ ಮೇಲೂ ಓಡುವ ಆರು ಗಾಲಿಯ ಆರ್ಗೋ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬಂದಾಗ ಮತ್ತೆ ಮತ್ತೆ ಕಾಣುವ ಮಾತು ಒಂದೇ: ಎಂಜಿನ್ ಚೆನ್ನಾಗಿದೆ, ಬ್ರೇಕ್ ಸ್ವಲ್ಪ ಸವೆದಿದೆ. ಬೇರೆ ಗಾಡಿಗೆ ಇದು ಸಣ್ಣ ಕೆಲಸ. ಆರ್ಗೋಗೆ ಹಾಗಲ್ಲ. ಇದರಲ್ಲಿ ಸ್ಟೀರಿಂಗ್ ಅಂತ ಬೇರೆ ಏನೂ ಇಲ್ಲ, ಬ್ರೇಕೇ ಸ್ಟೀರಿಂಗ್. ಬ್ರೇಕ್ ಹಿಡಿಯದಿದ್ದರೆ ಗಾಡಿ ನಿಲ್ಲುವುದೂ ಇಲ್ಲ, ತಿರುಗುವುದೂ ಇಲ್ಲ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಗಾಲಿಗಳ ಮೇಲೆ ಸುತ್ತುವ ರಬ್ಬರ್ ಪಟ್ಟಿ, ಅಂದರೆ ಟ್ರ್ಯಾಕ್ ಹಾಕದೆ, ಬರೀ ಟೈರಿನಲ್ಲಿ, ಜಮೀನು, ಕಾಡು, ಕೆರೆ ಅಂಚಿನ ಕೆಲಸಕ್ಕೆ ಬಳಸುವವರಿಗೆ ಮೆಕ್ಯಾನಿಕಲ್ ಬ್ರೇಕಿನ ಹಳೆಯ ಆರ್ಗೋ ಒಳ್ಳೆಯ ಗಾಡಿ. ತಿರುಗುವ ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿಯುವ ಕ್ಯಾಲಿಪರ್ ಗಟ್ಟಿ, ಕೈಯಲ್ಲೇ ಬಿಚ್ಚಿ ಜೋಡಿಸಬಹುದು, ಸೋರುವ ದ್ರವ ಯಾವುದೂ ಇಲ್ಲ. ಆದರೆ ತಾನಾಗಿ ಅಡ್ಜಸ್ಟ್ ಆಗುವ ಗುಣ ಇದಕ್ಕಿಲ್ಲ. ಪ್ಯಾಡ್ ಸವೆದಷ್ಟೂ ಕೈಯಿಂದ ಸರಿಪಡಿಸುತ್ತಲೇ ಇರಬೇಕು. ಆ ಕೆಲಸ ಬಿಟ್ಟುಹೋದ ಗಾಡಿಗಳೇ "ಬ್ರೇಕ್ ಸವೆದಿದೆ" ಎಂಬ ಹಣೆಪಟ್ಟಿ ಹೊತ್ತು ಮಾರಾಟಕ್ಕೆ ಬರುತ್ತವೆ. ಇಂಥವುಗಳಲ್ಲಿ ಪ್ಯಾಡ್ ನಿಜಕ್ಕೂ ಮುಗಿದಿರುವುದಕ್ಕಿಂತ ರಾಡು, ಪಿನ್ನು, ತೋಳಿನ ಕೋನ ಕೆಟ್ಟಿರುವುದು, ಇಲ್ಲವೇ ಚೈನಿನ ಎಣ್ಣೆ ಡಿಸ್ಕಿಗೆ ತಾಗಿರುವುದು ಹೆಚ್ಚು. ಇವನ್ನು ನೋಡದೆ ಪ್ಯಾಡ್ ತಂದು ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಗಾಡಿಯ ಬಗ್ಗೆ ಎರಡು ಮಾತು. ಆರ್ಗೋ ತಯಾರಿಸುವುದು ಕೆನಡಾದ ಆಂಟಾರಿಯೊ ಪ್ರಾಂತ್ಯದ ನ್ಯೂ ಹ್ಯಾಂಬರ್ಗ್‌ನಲ್ಲಿರುವ ಆಂಟಾರಿಯೊ ಡ್ರೈವ್ ಆ್ಯಂಡ್ ಗೇರ್ ಸಂಸ್ಥೆ. ಸಂಸ್ಥೆ ಶುರುವಾದದ್ದು 1962ರಲ್ಲಿ, ಮೊದಲ ಆರ್ಗೋ ಬಂದದ್ದು 1967ರಲ್ಲಿ. ನ್ಯೂ ಹ್ಯಾಂಬರ್ಗ್ ಇರುವುದು ವಾಟರ್‌ಲೂ ಪ್ರದೇಶದಲ್ಲಿ. ಆ ಸುತ್ತಿನಲ್ಲೂ ಟೊರಾಂಟೊ ಕಡೆಯೂ ನೆಲೆಸಿ, ಊರಾಚೆ ಒಂದಿಷ್ಟು ಜಮೀನು ಮಾಡಿಕೊಂಡ ಕನ್ನಡದವರಿಗೆ ಇಂಥ ಹಳೆಯ ಗಾಡಿ ಕಣ್ಣಿಗೆ ಬೀಳುವುದು ಸಹಜ. ಇತ್ತೀಚಿನ ಆರ್ಗೋಗಳಲ್ಲಿ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದೆ. ಇಲ್ಲಿ ಹೇಳುತ್ತಿರುವುದು ಹಳೆಯ ತಲೆಮಾರಿನ, ರಾಡ್ ಅಥವಾ ಕೇಬಲ್ ಎಳೆದು ಕ್ಯಾಲಿಪರ್ ಒತ್ತುವ ಮಾದರಿಗಳ ಬಗ್ಗೆ. ಇಂಥದ್ದೇ ಆರು ಗಾಲಿಯ ಅಮೆರಿಕದ ಮ್ಯಾಕ್ಸ್ ಗಾಡಿಗಳ ವಿಷಯ ಬೇರೆ. ಅವುಗಳ ಟಿ-20 ಗೇರ್‌ಬಾಕ್ಸಿನೊಳಗೆ ಎಣ್ಣೆಯಲ್ಲಿ ಮುಳುಗಿರುವ ಬ್ಯಾಂಡುಗಳೇ ಈ ಕೆಲಸ ಮಾಡುತ್ತವೆ. ಲಿವರ್, ಪಿನ್ನುಗಳ ಮಾತು ಬಿಟ್ಟರೆ ಈ ಬರಹದ ಉಳಿದದ್ದು ಅವಕ್ಕೆ ಅನ್ವಯಿಸುವುದಿಲ್ಲ.

ಗದ್ದೆಯಲ್ಲಿ ಪವರ್ ಟಿಲ್ಲರ್ ಓಡಿಸಿದವರಿಗೆ ಆರ್ಗೋ ತಿರುಗುವ ಬಗೆ ಬೇಗ ಅರ್ಥವಾಗುತ್ತದೆ. ಟಿಲ್ಲರಿನಲ್ಲಿ ತಿರುಗಬೇಕಾದ ಕಡೆಯ ಹಿಡಿ ಅಮುಕಿದರೆ ಆ ಗಾಲಿಗೆ ಹೋಗುವ ಶಕ್ತಿ ಕಡಿದು ಗಾಡಿ ಆ ಕಡೆ ತಿರುಗುತ್ತದೆ. ಆರ್ಗೋದಲ್ಲಿ ಶಕ್ತಿ ಕಡಿಯುವುದಿಲ್ಲ. ಎಡಗಡೆ ಲಿವರ್ ಎಳೆದರೆ ಎಡಗಡೆಯ ಬ್ರೇಕ್ ಹಿಡಿಯುತ್ತದೆ, ಎರಡೂ ಕಡೆಗೆ ಶಕ್ತಿ ಹಂಚುವ ಒಳಗಿನ ಡಿಫರೆನ್ಷಿಯಲ್ ಆ ವೇಗವನ್ನು ಬಲಗಡೆಗೆ ದಾಟಿಸುತ್ತದೆ. ಒಂದು ಕಡೆಯ ಮೂರೂ ಗಾಲಿಗಳನ್ನು ಚೈನುಗಳು ಒಟ್ಟಿಗೆ ಕಟ್ಟಿರುವುದರಿಂದ ಗೇರ್‌ಬಾಕ್ಸಿನ ಒಂದು ಶಾಫ್ಟನ್ನು ತಡೆದರೆ ಸಾಕು, ಆ ಕಡೆಯೆಲ್ಲ ನಿಲ್ಲುತ್ತದೆ. ಡಿಸ್ಕ್ ಕೂತಿರುವುದು ಆ ಶಾಫ್ಟಿನ ಮೇಲೆ. ಹಾಗಾಗಿ ಪ್ರತಿ ತಿರುವಿನ ಬಿಸಿಯೂ ಅಂಗೈ ಅಗಲದ ಎರಡು ಡಿಸ್ಕುಗಳ ಮೇಲೆ, ಅದೂ ಗಾಡಿಯ ಮೈಯಾದ ಮುಚ್ಚಿದ ಪ್ಲಾಸ್ಟಿಕ್ ತೊಟ್ಟಿಯ ಒಳಗೆ ಬೀಳುತ್ತದೆ. ಸಾಮಾನ್ಯ ಜೀಪಿನ ಬ್ರೇಕು ನಿಲ್ಲಿಸುವಾಗ ಮಾತ್ರ ದುಡಿಯುತ್ತದೆ. ಇದರದ್ದು ಓಡುತ್ತಿರುವಷ್ಟೂ ಹೊತ್ತು ದುಡಿಮೆ.

ಮೊದಲ ಪರೀಕ್ಷೆ: ಕ್ಯಾಲಿಪರಿನ ತೋಳು ನೋಡಿ

ಸ್ಪ್ಯಾನರ್ ಹಿಡಿಯುವ ಮೊದಲು ಮಾಡಬೇಕಾದ ಕೆಲಸ ಇದು, ಇದಕ್ಕೆ ಇಬ್ಬರು ಬೇಕು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀ ತೆಗೆದು, ಗಾಲಿಗಳಿಗೆ ಹಿಂದೂ ಮುಂದೂ ಅಡ್ಡಗಲ್ಲು ಕೊಡಿ. ಫ್ಲೋರ್ ಕವರ್ ತೆಗೆದು, ಟಾರ್ಚ್ ಹಾಕಿ ಕ್ಯಾಲಿಪರ್ ಕಾಣುವಂತೆ ಮಾಡಿಕೊಳ್ಳಿ. ಇನ್ನೊಬ್ಬರು ಲಿವರನ್ನು ನಿಧಾನವಾಗಿ ಎಳೆಯಲಿ, ನಿಮ್ಮ ಕಣ್ಣು ರಾಡ್ ಅಥವಾ ಕೇಬಲ್ ಬಂದು ಸೇರುವ ಕ್ಯಾಲಿಪರಿನ ತೋಳಿನ ಮೇಲಿರಲಿ.

ಲಿವರ್ ಅರ್ಧ ದೂರ ಬಂದರೂ ತೋಳು ಅಲುಗದಿದ್ದರೆ ತಪ್ಪು ಪ್ಯಾಡಿನದಲ್ಲ, ಲಿವರಿಗೂ ತೋಳಿಗೂ ನಡುವಿನ ರಾಡು, ಪಿನ್ನು, ಕೇಬಲಿನ ಜೋಡಣೆಯದು. ತೋಳು ಸಲೀಸಾಗಿ ಚಲಿಸುತ್ತಾ ಹೋಗಿ ಕೊನೆಗೂ ಗಟ್ಟಿಯಾಗದಿದ್ದರೆ ಪ್ಯಾಡ್ ಸವೆದಿದೆ, ಇಲ್ಲವೇ ಅಡ್ಜಸ್ಟ್ ಮಾಡಿ ಬಹಳ ಕಾಲವಾಗಿದೆ. ತೋಳು ಬೇಗ ಗಟ್ಟಿಯಾಗಿ ನಿಂತು, ಲಿವರ್ ಕಲ್ಲಿನ ಹಾಗೆ ಬಿಗಿಯಾಗಿ, ಆದರೂ ಓಡಿಸುವಾಗ ಗಾಡಿ ತಿರುಗದಿದ್ದರೆ ಎಣ್ಣೆ ತಾಗಿದ ಅಥವಾ ಸುಟ್ಟು ಹೊಳಪೇರಿದ ಪ್ಯಾಡ್ ಎಂದು ತಿಳಿಯಿರಿ. ತೋಳು ಹೋಗುತ್ತದೆ, ಆದರೆ ಲಿವರ್ ಬಿಟ್ಟಾಗ ವಾಪಸು ಬರುವುದಿಲ್ಲ ಎಂದಾದರೆ ಕ್ಯಾಲಿಪರಿನ ಒಳಭಾಗ ತುಕ್ಕು ಹಿಡಿದಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಯಾವುದು ಎಂದು ತಿಳಿಯಲು ರಾಡನ್ನು ತೋಳಿನಿಂದ ಬಿಡಿಸಿ, ತೋಳನ್ನು ಕೈಯಿಂದ ತಿರುಗಿಸಿ ಬಿಡಿ. ತಾನಾಗಿ ಹಿಂದಿರುಗಿದರೆ ಕ್ಯಾಲಿಪರ್ ಸರಿ ಇದೆ, ತೊಂದರೆ ರಾಡ್ ಅಥವಾ ಕೇಬಲಿನಲ್ಲಿದೆ.

ಬಲ ಮತ್ತು ಎಡ ಎರಡನ್ನೂ ಪರೀಕ್ಷಿಸಿ. ಎರಡೂ ಕಡೆ ಒಂದೇ ಗಾಡಿಯಲ್ಲಿ, ಒಂದೇ ವಯಸ್ಸಿನವು. ಚೆನ್ನಾಗಿರುವ ಕಡೆಯೇ ನಿಮಗೆ ಅಳತೆಗೋಲು.

ಕೋನದ ವಿಷಯ

ಹಳೆಯ ಗಾಡಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. ಪ್ಯಾಡ್ ಸವೆದಾಗ ಲಿವರ್ ತೀರಾ ಹಿಂದಕ್ಕೆ ಬರಲು ಶುರುವಾಗುತ್ತದೆ. ಕೈಗೆ ಸುಲಭವಾಗಿ ಸಿಗುವುದು ರಾಡಿನ ಕೊನೆಯ ನಟ್ಟು, ಅದನ್ನು ತಿರುಗಿಸಿ ರಾಡ್ ಗಿಡ್ಡ ಮಾಡುತ್ತಾರೆ. ಲಿವರ್ ಮತ್ತೆ ಸರಿಯಾದ ಜಾಗದಲ್ಲಿ ಹಿಡಿಯುತ್ತದೆ, ಕೆಲಸ ಮುಗಿಯಿತು ಅನಿಸುತ್ತದೆ. ಆದರೆ ಕ್ಯಾಲಿಪರಿನ ತೋಳು ಈಗ ತನ್ನ ವಿಶ್ರಾಂತಿಯ ಜಾಗ ಬಿಟ್ಟು ಅರ್ಧ ದಾರಿಯಿಂದಲೇ ಹೊರಡುತ್ತಿದೆ. ಇದನ್ನು ಕೆಲವು ಸಲ ಮಾಡಿದ ಮೇಲೆ ಬ್ರೇಕ್ ಹಿಡಿಯುವ ಹೊತ್ತಿಗೆ ತೋಳು ರಾಡಿನ ನೇರಕ್ಕೆ ವಾಲಿರುತ್ತದೆ.

ರಾಡ್ ಮತ್ತು ತೋಳಿನ ನಡುವೆ 90 ಡಿಗ್ರಿ ಇದ್ದಾಗ ನೀವು ಎಳೆದ ಬಲವೆಲ್ಲ ತೋಳನ್ನು ತಿರುಗಿಸಲು ಸಿಗುತ್ತದೆ. 120 ಡಿಗ್ರಿಯಾದರೆ ಸಿಗುವುದು ಶೇ. 87, 135 ಆದರೆ ಶೇ. 71, 150ಕ್ಕೆ ಬಂದರೆ ಅರ್ಧ ಮಾತ್ರ. ಹೊಸ ಪ್ಯಾಡ್ ಹಾಕಿದರೂ ಈ ಕೋನ ಹಾಗೇ ಉಳಿದಿದ್ದರೆ ಹಿಡಿತ ಬರುವುದಿಲ್ಲ. ಆಗ ಪ್ಯಾಡ್ ಕಳಪೆ ಎಂಬ ದೂರು ಶುರುವಾಗುತ್ತದೆ.

ಸರಿಯಾದ ಕ್ರಮ ಹೀಗೆ: ರಾಡನ್ನು ತೋಳಿನಿಂದ ಬಿಡಿಸಿ. ತೋಳು ತನ್ನ ವಿಶ್ರಾಂತಿ ಜಾಗಕ್ಕೆ ಪೂರ್ತಿ ಹೋಗಲಿ. ಕ್ಯಾಲಿಪರಿನ ಮಧ್ಯದ ಅಡ್ಜಸ್ಟಿಂಗ್ ನಟ್ಟು ಅಥವಾ ಸ್ಕ್ರೂ ಬಿಗಿ ಮಾಡುತ್ತಾ ಹೋಗಿ, ಪ್ಯಾಡ್ ಡಿಸ್ಕನ್ನು ಮುಟ್ಟಿ ಹಿಡಿಯುವವರೆಗೆ. ಆಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಹಿಂದಕ್ಕೆ ಬಿಡಿ. ಇಂಚಿಗೆ 24 ಎಳೆಯ ನಟ್ಟಾದರೆ ಒಂದು ಪೂರ್ತಿ ಸುತ್ತಿಗೆ 1.06 ಮಿ.ಮೀ. ಸರಿಯುತ್ತದೆ, ಅಂದರೆ ಕಾಲು ಸುತ್ತಿಗೆ ಸುಮಾರು 0.26 ಮಿ.ಮೀ. ಎರಡೂ ಪ್ಯಾಡ್ ಸೇರಿ 0.3ರಿಂದ 0.5 ಮಿ.ಮೀ. ಬಿಡುವು ಇದ್ದರೆ ಸಾಕು. ಸಂದಿಯ ಅಗಲ ಅಳೆಯುವ ತೆಳು ತಗಡುಗಳ ಫೀಲರ್ ಗೇಜ್ ಇದ್ದರೆ ಅದರಿಂದಲೇ ನೋಡಿ. ಲಾಕ್ ನಟ್ಟು ಬಿಗಿ ಮಾಡುವಾಗ ಒಳಗಿನ ಸ್ಕ್ರೂ ಜೊತೆಗೇ ತಿರುಗಿ ಬಿಡುವು ಮಾಯವಾಗುವುದುಂಟು, ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಕೊನೆಯದಾಗಿ ಲಿವರನ್ನು ಪೂರ್ತಿ ಮುಂದಕ್ಕೆ ಬಿಟ್ಟು, ತೋಳನ್ನು ಎಳೆಯದಂತೆ, ಪಿನ್ನು ಸಲೀಸಾಗಿ ತೂರುವಷ್ಟು ಉದ್ದಕ್ಕೆ ರಾಡನ್ನು ಹೊಂದಿಸಿ. ಪಿನ್ನು ತೂರಿಸಲು ತೋಳನ್ನು ಕೈಯಿಂದ ತಳ್ಳಬೇಕಾಗಿ ಬಂದರೆ ರಾಡ್ ಇನ್ನೂ ಗಿಡ್ಡವಾಗಿದೆ ಎಂದರ್ಥ.

ಹೀಗೆ ಮಾಡಿದ ಮೇಲೆ ಲಿವರಿನ ಓಟದ ಮೂರನೇ ಒಂದು ಭಾಗದ ಹತ್ತಿರ ಹಿಡಿಯಲು ಶುರುವಾಗಿ, ಮೂರನೇ ಎರಡು ಭಾಗ ತಲುಪುವ ಮೊದಲೇ ಗಟ್ಟಿಯಾಗಬೇಕು. ಎಡ, ಬಲ ಎರಡೂ ಒಂದೇ ಜಾಗದಲ್ಲಿ ಗಟ್ಟಿಯಾಗಬೇಕು. ಎರಡೂ ಲಿವರ್ ಒಟ್ಟಿಗೆ ಎಳೆದು ನಿಲ್ಲಿಸುವಾಗ ಒಂದು ಕಡೆ ಮೊದಲು ಹಿಡಿದರೆ ಗಾಡಿ ಅಡ್ಡ ತಿರುಗುತ್ತದೆ. ಇಳಿಜಾರಿನಲ್ಲಿ ಅದು ಅಪಾಯ.

ಪಿನ್ನು, ಬುಷ್, ಕೇಬಲ್

ಲಿವರಿನ ಬುಡದ ಬುಷ್‌ನಿಂದ ಕ್ಯಾಲಿಪರಿನ ತೋಳಿನವರೆಗೆ ನಾಲ್ಕು ಕೀಲುಗಳಿವೆ, ಒಂದೊಂದರಲ್ಲಿ ಅರ್ಧ ಮಿ.ಮೀ. ಆಟವಿದೆ ಎಂದುಕೊಳ್ಳಿ. ಒಟ್ಟು 2 ಮಿ.ಮೀ. ರಾಡಿನ ಕೆಲಸದ ಓಟ 20 ಮಿ.ಮೀ. ಆಗಿದ್ದರೆ ಹತ್ತನೇ ಒಂದು ಭಾಗ ಬ್ರೇಕಿಗೆ ತಲುಪುವ ಮೊದಲೇ ಮುಗಿದುಹೋಯಿತು. ಕೆಸರು ನೀರು ಕುಡಿದ ಗಾಡಿಯಲ್ಲಿ ಆಟ ಇನ್ನೂ ಹೆಚ್ಚಿರುತ್ತದೆ. ಪಿನ್ನನ್ನು ಹೊರತೆಗೆದು ಬೆರಳಾಡಿಸಿ ನೋಡಿ, ಮಧ್ಯದಲ್ಲಿ ಮೆಟ್ಟಿಲಿನಂಥ ಸವೆತ ಉಗುರಿಗೆ ಸಿಗುತ್ತದೆ. ಪಿನ್ನು ಅಗ್ಗದ ವಸ್ತು, ಎಲ್ಲವನ್ನೂ ಒಮ್ಮೆಗೇ ಬದಲಿಸಿ, ಸ್ಪ್ಲಿಟ್ ಪಿನ್ನುಗಳನ್ನು ಮರುಬಳಕೆ ಮಾಡಬೇಡಿ. ತೂತೇ ಅಂಡಾಕಾರವಾಗಿದ್ದರೆ ಹೊಸ ಪಿನ್ನು ಸಾಲದು, ತೂತನ್ನು ದುಂಡಗೆ ಕೊರೆಸಿ ಬುಷ್ ಹಾಕಿಸಬೇಕು.

ಇಲ್ಲಿ ಅಳತೆಯ ಎಚ್ಚರ ಬೇಕು. ಹಳೆಯ ಗಾಡಿಯಲ್ಲಿ ಇಂಚಿನ ಅಳತೆಯ ಪಿನ್ನುಗಳಿರುತ್ತವೆ. 5/16 ಇಂಚು ಎಂದರೆ 7.94 ಮಿ.ಮೀ. ಸವೆಯದ ತೂತಿಗೆ 8 ಮಿ.ಮೀ. ಪಿನ್ನು ಬಿಗಿಯಾಗಬಹುದು, ಸಡಿಲವಾಗಿ ಹೋಯಿತು ಎಂದರೆ ತೂತು ಸವೆದಿರುವ ಸಾಧ್ಯತೆ ಇದೆ. 3/8 ಇಂಚು ಎಂದರೆ 9.53 ಮಿ.ಮೀ., ಅದರ ಜಾಗಕ್ಕೆ 10 ಮಿ.ಮೀ. ತೂರಿಸಲು ತೂತು ದೊಡ್ಡದು ಮಾಡಬೇಡಿ.

ಕೇಬಲ್ ಇರುವ ಗಾಡಿಯಾದರೆ ಹೊರಕವಚದ ತುದಿಗಳನ್ನು ನೋಡಿ. ಲಿವರ್ ಎಳೆದಾಗ ಕವಚವೇ ಬಾಗಿ ಕುಗ್ಗುತ್ತಿದ್ದರೆ ಒಳತಂತಿ ಎಳೆದ ದೂರ ಅಲ್ಲೇ ನಷ್ಟ. ಒಂದು ಎಳೆ ತುಂಡಾಗಿದ್ದರೂ ಕೇಬಲ್ ಬದಲಿಸಿ. ಇದರಲ್ಲಿ ಉಳಿತಾಯದ ಮಾತೇ ಬೇಡ, ಕಾರಣ ಕೇಬಲ್ ಕಡಿದ ಕಡೆಗೆ ಗಾಡಿ ತಿರುಗುವುದೇ ಇಲ್ಲ.

ಎಣ್ಣೆ ತಾಗಿದ ಪ್ಯಾಡ್

ಚೈನುಗಳೂ ಡಿಸ್ಕುಗಳೂ ಒಂದೇ ತೊಟ್ಟಿಯ ಒಳಗಿವೆ. ಗಾಡಿಯ ವಿನ್ಯಾಸದ ಈ ಗುಣ ನೀರಿನಲ್ಲಿ ಓಡಲು ಅನಿವಾರ್ಯ, ಬ್ರೇಕಿಗೆ ಮಾತ್ರ ಶತ್ರು. ಚೈನಿಗೆ ಧಾರಾಳವಾಗಿ ಸ್ಪ್ರೇ ಮಾಡಿ ತಕ್ಷಣ ಓಡಿಸಿದರೆ ಎಣ್ಣೆ ಸಿಡಿದು ಡಿಸ್ಕಿಗೆ ಹತ್ತುತ್ತದೆ. ಪ್ಯಾಡ್ ಎಣ್ಣೆ ಹೀರುತ್ತದೆ. ಲಕ್ಷಣ ಸ್ಪಷ್ಟ: ಲಿವರ್ ಗಟ್ಟಿ ಇದೆ, ಗಾಡಿ ತಿರುಗಲು ತಡ ಮಾಡುತ್ತದೆ, ಒಂದೆರಡು ಉದ್ದ ತಿರುವಿನ ಮೇಲೆ ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಡಿಸ್ಕಿನ ಅಂಚಿನಲ್ಲಿ ಕಂದು ಬಣ್ಣದ ಅಂಟು ಕಾಣುತ್ತದೆ.

ಇಂಥ ಪ್ಯಾಡನ್ನು ಉಜ್ಜಿ, ಬೇಯಿಸಿ, ತೊಳೆದು ಉಳಿಸುವ ಉಪಾಯಗಳನ್ನು ನಂಬಬೇಡಿ. ಮೇಲ್ಪದರ ಒಣಗಿದಂತೆ ಕಂಡರೂ ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಪ್ಯಾಡ್ ಬದಲಿಸಿ, ಡಿಸ್ಕನ್ನು ಕ್ಲೋರಿನ್ ಇಲ್ಲದ ಬ್ರೇಕ್ ಕ್ಲೀನರ್ ಹಾಕಿ, ಬಿಳಿ ಬಟ್ಟೆಯಲ್ಲಿ ಕೊಳೆ ಬರುವುದು ನಿಲ್ಲುವ ತನಕ ಒರೆಸಿ. ಕ್ಲೋರಿನ್ ಇರುವ ಕ್ಲೀನರ್ ಬೇಡ ಎನ್ನಲು ಕಾರಣವಿದೆ. ಅದು ಹೆಚ್ಚು ಬಿಸಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ತೊಟ್ಟಿಯೊಳಗೆ ಬಗ್ಗಿ ಕೆಲಸ ಮಾಡುವವರಿಗೆ ಗಾಳಿ ಮೊದಲೇ ಕಡಿಮೆ.

ಹೊಸ ಪ್ಯಾಡ್ ಹಾಕುವ ಮೊದಲು ಎಣ್ಣೆ ಎಲ್ಲಿಂದ ಬಂತು ಎಂದು ಖಚಿತ ಮಾಡಿಕೊಳ್ಳಲೇಬೇಕು. ಎರಡು ಮೂಲಗಳಿವೆ: ಚೈನ್, ಮತ್ತು ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಸೀಲ್. ಸುತ್ತಲೂ ಒಣಗಿಸಿ ಒರೆಸಿ, ಶಾಫ್ಟಿನ ಕೆಳಗೆ ಬಿಳಿ ರಟ್ಟು ಇಟ್ಟು ಗಾಡಿಯನ್ನು ಒಂದು ರಾತ್ರಿ ಹಾಗೇ ಬಿಡಿ. ನಿಂತ ಗಾಡಿಯಲ್ಲೇ ರಟ್ಟಿನ ಮೇಲೆ ಹನಿ ಬಿದ್ದರೆ ಸೀಲ್ ಸೋರುತ್ತಿರುವ ಸಾಧ್ಯತೆ ಹೆಚ್ಚು. ರಟ್ಟು ಒಣಗಿದ್ದು, ಓಡಿಸಿದ ಮೇಲೆ ಮಾತ್ರ ಚುಕ್ಕೆ ಚುಕ್ಕೆಯಾಗಿ ಸಿಡಿದಿದ್ದರೆ ಮೊದಲು ಚೈನನ್ನು ಅನುಮಾನಿಸಿ. ಹಾಗೆಂದು ಸೀಲನ್ನು ಪೂರ್ತಿ ಬಿಟ್ಟುಬಿಡಬೇಡಿ, ಶಾಫ್ಟ್ ತಿರುಗುವಾಗ ಮಾತ್ರ ಸೋರುವ ಸೀಲುಗಳೂ ಇವೆ. ಸಿಡಿದ ಗುರುತು ಶಾಫ್ಟಿನ ಬುಡದಿಂದ ಹೊರಟಿದೆಯೋ ಚೈನಿನ ನೇರಕ್ಕಿದೆಯೋ ನೋಡಿದರೆ ಗೊತ್ತಾಗುತ್ತದೆ. ಚೈನಿಗೆ ಎಣ್ಣೆ ಕೊಡುವಾಗ ಡಿಸ್ಕಿಗೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಎಣ್ಣೆ ಹಾಕಿದ ಮೇಲೆ ಒಂದಷ್ಟು ಹೊತ್ತು ಬಿಟ್ಟು, ಹೆಚ್ಚಾದದ್ದನ್ನು ಒರೆಸಿಯೇ ಓಡಿಸಿ.

ಎಣ್ಣೆ ತಾಗದೆ ಬರೀ ಬಿಸಿಗೆ ಹೊಳಪೇರಿದ ಪ್ಯಾಡ್ ಆದರೆ ಉಳಿಸಬಹುದು. ಗಾಜಿನ ಹಲಗೆಯ ಮೇಲೆ 80 ಅಥವಾ 120 ನಂಬರಿನ ಎಮರಿ ಕಾಗದ ಹಾಸಿ, ನೀರು ಹನಿಸಿ, ಹೊಳಪು ಹೋಗುವವರೆಗೆ ಸಮನಾಗಿ ಉಜ್ಜಿ. ಒಣ ಧೂಳು ಎಬ್ಬಿಸಬೇಡಿ. ಕೆನಡಾ ಆಸ್ಬೆಸ್ಟಾಸ್ ಇರುವ ಪದಾರ್ಥಗಳನ್ನು ನಿಷೇಧಿಸಿದ ನಿಯಮ ಜಾರಿಗೆ ಬಂದದ್ದು 2018ರ ಡಿಸೆಂಬರ್ 30ಕ್ಕೆ. ಅದಕ್ಕೂ ಎಷ್ಟೋ ಮೊದಲಿನ ಗಾಡಿಯ ಮೂಲ ಪ್ಯಾಡಿನಲ್ಲೂ, ಕಪಾಟಿನಲ್ಲಿ ಉಳಿದ ಹಳೆಯ ದಾಸ್ತಾನಿನಲ್ಲೂ ಅದು ಇರಬಹುದು ಎಂದೇ ಎಣಿಸಿ ಕೆಲಸ ಮಾಡಿ. ಏರ್ ಕಂಪ್ರೆಸರ್ ಹಿಡಿದು ಊದುವುದು ಸರಿಯಲ್ಲ. ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆದು ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಮೂಲ ಪ್ಯಾಡೇ ಇದೆ ಎಂಬ ಅನುಮಾನವಿದ್ದರೆ ಉಜ್ಜುವ ಯೋಚನೆ ಬಿಟ್ಟು ನೇರ ಬದಲಿಸಿ.

ಕ್ಯಾಲಿಪರಿನ ಹೊಟ್ಟೆಯೊಳಗೆ

ಸಾಮಾನ್ಯವಾಗಿ ಇಂಥ ಕ್ಯಾಲಿಪರುಗಳ ಒಳಗೆ ಎರಡು ತಟ್ಟೆಗಳ ನಡುವೆ ಮೂರು ಉಕ್ಕಿನ ಗುಂಡುಗಳಿರುತ್ತವೆ. ತಟ್ಟೆಗಳಲ್ಲಿ ಇಳಿಜಾರಾಗಿ ಕೊರೆದ ತೋಡುಗಳಲ್ಲಿ ಗುಂಡು ಕೂತಿರುತ್ತದೆ. ತೋಳು ತಿರುಗಿದಾಗ ಗುಂಡುಗಳು ಇಳಿಜಾರು ಹತ್ತಿ ತಟ್ಟೆಯನ್ನು ಮುಂದಕ್ಕೆ ನೂಕುತ್ತವೆ, ಆ ಒತ್ತಡವೇ ಪ್ಯಾಡಿಗೆ ಸಿಗುವುದು. ಅತ್ಯಂತ ಸರಳ, ಅತ್ಯಂತ ಬಲವಾದ ಏರ್ಪಾಡು. ನನಗೆ ಈ ಗಾಡಿಯಲ್ಲಿ ತುಂಬ ಮೆಚ್ಚುಗೆಯಾಗುವ ಭಾಗ ಇದೇ. ನೀರು ಹೊಕ್ಕು ಗ್ರೀಸ್ ತೊಳೆದುಹೋದರೆ ಇದೇ ಮೊದಲು ಕೆಡುವುದು.

ಬಿಚ್ಚುವ ಮೊದಲು ತೋಳು ಮತ್ತು ಅದು ಕೂತ ಶಾಫ್ಟಿನ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಒಂದು ಹಲ್ಲು ಆಚೀಚೆ ಕೂಡಿಸಿದರೂ ಮೇಲೆ ಹೇಳಿದ ಕೋನವೆಲ್ಲ ಹಾಳು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಇಳಿಜಾರಿನ ಮೇಲೆ ಉಗುರು ಎಳೆದು ನೋಡಿ. ತಗ್ಗು, ಗುಳಿ ಸಿಕ್ಕರೆ ಆ ತಟ್ಟೆ ಮುಗಿಯಿತು. ಗುಂಡು ಗುಳಿಯಲ್ಲಿ ಕೂತು ಏಳುವುದರಿಂದ ಲಿವರ್ ಮೆಟ್ಟಿಲು ಮೆಟ್ಟಿಲಾಗಿ ಚಲಿಸುತ್ತದೆ, ವಾಪಸು ಬರುವಾಗ ಸಿಕ್ಕಿಕೊಳ್ಳುತ್ತದೆ. ತಟ್ಟೆ ಚೆನ್ನಾಗಿದ್ದು ಗುಂಡು ಮಾತ್ರ ತುಕ್ಕು ಹಿಡಿದಿದ್ದರೆ ವರ್ನಿಯರಿನಲ್ಲಿ ಅಳೆದು ಬೇರಿಂಗ್ ಅಂಗಡಿಯಿಂದ ಅದೇ ಅಳತೆಯ ಮೂರನ್ನೂ ತನ್ನಿ. ಒಂದನ್ನೇ ಬದಲಿಸಬೇಡಿ. ಒಂದು ಗುಂಡು ಕೂದಲೆಳೆಯಷ್ಟು ದೊಡ್ಡದಾದರೂ ತಟ್ಟೆ ವಾಲಿ ಪ್ಯಾಡ್ ಓರೆಯಾಗಿ ಸವೆಯುತ್ತದೆ.

ನೀರಿಗೆ ತಡೆಯುವ, ಬಿಸಿಗೆ ಕರಗದ ಗ್ರೀಸ್ ಬಳಸಿ. ಕ್ಯಾಲ್ಸಿಯಂ ಸಲ್ಫೊನೇಟ್ ಜಾತಿಯದು ಇದಕ್ಕೆ ಒಳ್ಳೆಯದು. ಪ್ರಮಾಣ ಒಂದು ಗ್ರಾಂ ಮೀರಬಾರದು, ಹೆಚ್ಚಾದದ್ದು ಬಿಸಿಗೆ ಇಳಿದು ಪ್ಯಾಡಿಗೇ ಬರುತ್ತದೆ. ಧೂಳು ತಡೆಯುವ ರಬ್ಬರ್ ಹರಿದಿದ್ದರೆ ಹೊಸದು ಹಾಕದೆ ಮುಚ್ಚಬೇಡಿ.

ಇನ್ನೊಂದು ಅಂಶ: ಒತ್ತಡ ಬರುವುದು ಒಂದೇ ಕಡೆಯಿಂದ, ಇನ್ನೊಂದು ಬದಿಯ ಪ್ಯಾಡ್ ಸ್ಥಿರ. ಆದ್ದರಿಂದ ಡಿಸ್ಕ್ ತನ್ನ ಶಾಫ್ಟಿನ ಮೇಲೆ ಜಾರಬೇಕು, ಇಲ್ಲವೇ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಜಾರಬೇಕು. ನಿಮ್ಮ ಗಾಡಿಯಲ್ಲಿ ಯಾವುದು ಎಂದು ನೋಡಿ, ಅದು ಕೈಯಲ್ಲಿ ನೂಕಿದರೆ ಸರಿಯುವಂತೆ ಇಡಿ. ಅಲ್ಲಿ ತುಕ್ಕು ಕೂತರೆ ಒಂದು ಪ್ಯಾಡ್ ಮಾತ್ರ ಸವೆಯುತ್ತದೆ. ಎರಡು ಪ್ಯಾಡುಗಳ ದಪ್ಪದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಇದೇ ಕಾರಣ. ಒಂದೇ ಪ್ಯಾಡಿನ ಎರಡು ಅಂಚುಗಳ ನಡುವೆ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕ್ಯಾಲಿಪರ್ ಹಿಡಿದಿರುವ ಬ್ರಾಕೆಟ್ ಬಾಗಿದೆಯೇ ನೋಡಿ.

ಪ್ಯಾಡ್ ಬದಲಿಸಬೇಕಾದ ಅಳತೆ ಮ್ಯಾನುಯಲ್‌ನಲ್ಲಿ ಸಿಗದಿದ್ದರೆ ಈ ಲೆಕ್ಕ ಹಿಡಿಯಿರಿ: ಲೋಹದ ತಟ್ಟೆಯ ಮೇಲೆ ಅಂಟಿಸಿದ ಲೈನಿಂಗ್ 2 ಮಿ.ಮೀ.ಗೆ ಬಂದರೆ ಬದಲಿಸಿ. ಗುಳಿಯಲ್ಲಿ ಕೂರುವ ಬಿಲ್ಲೆಯಂಥ ಪ್ಯಾಡ್ ಆದರೆ ಗುಳಿಯ ಅಂಚಿನಿಂದ ಹೊರಗೆ 1.5 ಮಿ.ಮೀ. ಉಳಿದಾಗಲೇ ತೆಗೆಯಿರಿ, ಇಲ್ಲವಾದರೆ ಲೋಹಕ್ಕೆ ಲೋಹ ಉಜ್ಜಿ ಡಿಸ್ಕ್ ಹೋಗುತ್ತದೆ. ಮೂಲ ಭಾಗ ಸಿಗದಿದ್ದರೆ ಹಳೆಯ ತಟ್ಟೆಗೆ ಹೊಸ ಲೈನಿಂಗ್ ಅಂಟಿಸಿಕೊಡುವ ರೀಲೈನಿಂಗ್ ಅಂಗಡಿಗಳಿವೆ. ಅವರಿಗೆ ದಪ್ಪ, ವ್ಯಾಸ ಎರಡನ್ನೂ ಬರೆದುಕೊಡಿ, ಗೀಚು ಬೀಳದ ಗಟ್ಟಿ ಲೈನಿಂಗಿಗಿಂತ ತಣ್ಣಗಿದ್ದಾಗಲೂ ಹಿಡಿಯುವ ಮೃದು ಜಾತಿ ಕೇಳಿ. ಹೊಸ ಪ್ಯಾಡ್ ಹಾಕಿದ ಮೇಲೆ ಸಮತಟ್ಟು ಜಾಗದಲ್ಲಿ ಸಾಧಾರಣ ವೇಗದಿಂದ 15–20 ಸಲ ಎರಡೂ ಲಿವರ್ ಸಮನಾಗಿ ಎಳೆದು ನಿಲ್ಲಿಸಿ, ನಡುನಡುವೆ ಆರಲು ಬಿಡಿ. ಆಮೇಲೆ ಬಿಡುವನ್ನು ಮತ್ತೊಮ್ಮೆ ಅಳೆಯಿರಿ, ಹೊಸ ಪ್ಯಾಡ್ ಮೊದಮೊದಲು ಬೇಗ ಕೂರುತ್ತದೆ.

ಬ್ರೇಕಿನ ತಪ್ಪಲ್ಲದ್ದು

ನೇರ ಓಡಿಸುವಾಗ ಗಾಡಿ ಒಂದು ಕಡೆ ಎಳೆದರೆ ಬ್ರೇಕ್ ಉಜ್ಜುತ್ತಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಮೊದಲು ಟೈರ್. ಈ ಟೈರುಗಳಲ್ಲಿ ಗಾಳಿ 3 ಪಿಎಸ್‌ಐ ಆಸುಪಾಸು ಮಾತ್ರ, ಸಾಮಾನ್ಯ ಗೇಜಿನ ಮುಳ್ಳು ಅಲ್ಲಿ ಸರಿಯಾಗಿ ಅಲುಗುವುದೂ ಇಲ್ಲ. ಕಡಿಮೆ ಒತ್ತಡದ ಗೇಜ್ ಬಳಸಿ, ಜೊತೆಗೆ ಟೇಪಿನಿಂದ ಪ್ರತಿ ಟೈರಿನ ಸುತ್ತಳತೆ ಅಳೆಯಿರಿ. ಬಲಗಡೆ ಟೈರುಗಳ ಸುತ್ತಳತೆ ಎಡಕ್ಕಿಂತ ಹೆಚ್ಚಿದ್ದರೆ ಗಾಡಿ ಎಡಕ್ಕೆ ವಾಲುತ್ತಲೇ ಇರುತ್ತದೆ, ನೀವು ಅದನ್ನು ಬಲಗಡೆ ಬ್ರೇಕಿನಿಂದ ಸರಿಪಡಿಸುತ್ತಾ ಆ ಪ್ಯಾಡನ್ನು ಸವೆಸುತ್ತೀರಿ. ಒಂದೇ ಕಡೆಯ ಪ್ಯಾಡ್ ಪದೇ ಪದೇ ಮುಗಿಯುವ ಗಾಡಿಗಳಲ್ಲಿ ಈ ಟೇಪಿನ ಅಳತೆ ಮೊದಲು ಆಗಬೇಕು.

ಟೈರ್ ಸರಿ ಇದ್ದರೆ ಜಾಕ್ ಹಾಕಿ. ಪ್ಲಾಸ್ಟಿಕ್ ತೊಟ್ಟಿಗೆ ಜಾಕ್ ಕೊಡಬೇಡಿ, ಕೆಳಗಿನ ಉಕ್ಕಿನ ಚೌಕಟ್ಟಿಗೇ ಕೊಟ್ಟು ಸ್ಟ್ಯಾಂಡ್ ಇಡಿ. ನ್ಯೂಟ್ರಲ್‌ನಲ್ಲಿ ಒಂದೊಂದು ಕಡೆಯ ಗಾಲಿ ಕೈಯಿಂದ ತಿರುಗಿಸಿ ಬಿಗಿಯಲ್ಲಿ ವ್ಯತ್ಯಾಸವಿದೆಯೇ ನೋಡಿ.

ನೀರಿನಿಂದ ಹೊರಬಂದ ಕೂಡಲೇ ಬ್ರೇಕ್ ಹಿಡಿಯದಿದ್ದರೆ ಅದು ಸವೆತವಲ್ಲ, ತೊಟ್ಟಿಯೊಳಗೆ ನೀರು ಡಿಸ್ಕಿನ ಮಟ್ಟಕ್ಕೆ ಏರಿದೆ ಎಂಬ ಸೂಚನೆ. ದಡ ಹತ್ತಿದ ಮೇಲೆ ಡ್ರೇನ್ ಪ್ಲಗ್ ತೆಗೆದು ನೀರು ಬಿಡಿ, ನಿಧಾನವಾಗಿ ಓಡಿಸುತ್ತಾ ಲಿವರುಗಳನ್ನು ಹಗುರವಾಗಿ ಎಳೆದು ಒಣಗಿಸಿ, ಮತ್ತೆ ನೀರಿಗಿಳಿಯುವ ಮೊದಲು ಪ್ಲಗ್ ಹಾಕಿ. ಅಷ್ಟು ನೀರು ಒಳಬಂದದ್ದು ಎಲ್ಲಿಂದ ಎಂದು ಹುಡುಕಿದರೆ ಹೆಚ್ಚಾಗಿ ಸಿಗುವುದು ಆಕ್ಸೆಲ್ ಸೀಲ್.

ಪಾರ್ಕಿಂಗ್ ಬಗ್ಗೆ ಒಂದು ಎಚ್ಚರ. ಈ ಗಾಡಿಯಲ್ಲಿ ಬೆಲ್ಟ್ ಕ್ಲಚ್ ಇರುವುದರಿಂದ ಗೇರಿನಲ್ಲಿಟ್ಟು ನಿಲ್ಲಿಸಿದರೆ ಇಳಿಜಾರಿನಲ್ಲಿ ತಡೆಯುವುದಿಲ್ಲ. ಎಂಜಿನ್ ನಿಂತಾಗ ಬೆಲ್ಟ್ ಹಿಡಿತ ಬಿಟ್ಟಿರುತ್ತದೆ. ಬ್ರೇಕನ್ನೇ ಬಿಗಿದು ನಿಲ್ಲಿಸಿದರೂ, ಬಿಸಿ ಡಿಸ್ಕ್ ಆರಿ ಕುಗ್ಗಿದಾಗ ಹಿಡಿತ ಸಡಿಲವಾಗುತ್ತದೆ. ಗಾಲಿಗೆ ಅಡ್ಡಗಲ್ಲು ಇಡದೆ ಇಳಿಜಾರಿನಲ್ಲಿ ಬಿಟ್ಟು ಹೋಗಬೇಡಿ. ಒದ್ದೆ ಬ್ರೇಕನ್ನು ಬಿಗಿದು ರಾತ್ರಿಯೆಲ್ಲ ಬಿಟ್ಟರೆ ಪ್ಯಾಡ್ ಡಿಸ್ಕಿಗೆ ತುಕ್ಕಿನಲ್ಲಿ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಸಮತಟ್ಟು ಜಾಗದಲ್ಲಿ, ಬ್ರೇಕ್ ಬಿಟ್ಟು, ಅಡ್ಡಗಲ್ಲಿಟ್ಟು ನಿಲ್ಲಿಸುವುದೇ ವಾಸಿ.

ಹೈಡ್ರಾಲಿಕ್‌ಗೆ ಬದಲಿಸಬೇಕೇ?

ಹೈಡ್ರಾಲಿಕ್ ಕ್ಯಾಲಿಪರಿನ ದೊಡ್ಡ ಅನುಕೂಲ, ಪ್ಯಾಡ್ ಸವೆದಂತೆ ಪಿಸ್ಟನ್ ತಾನೇ ಮುಂದೆ ಬರುತ್ತದೆ, ಲಿವರ್ ಹಿಡಿಯುವ ಜಾಗ ಬದಲಾಗುವುದಿಲ್ಲ. ಕೈಗೆ ಶ್ರಮವೂ ಕಡಿಮೆ. ಆದರೆ ಡಾಟ್ 3, ಡಾಟ್ 4 ಎಂಬ ದರ್ಜೆಯ ಬ್ರೇಕ್ ದ್ರವಗಳು ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ಮಾನದಂಡವಿದೆ, ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155ಕ್ಕೆ. ನೀರಿನಲ್ಲಿ ಓಡಾಡುವ, ಡಿಸ್ಕ್ ಸದಾ ಬಿಸಿಯಾಗಿರುವ ಗಾಡಿಗೆ ಇದು ಸಣ್ಣ ವಿಷಯವಲ್ಲ. ದ್ರವವನ್ನು ನಿಯಮವಾಗಿ ಬದಲಿಸದ ಹೈಡ್ರಾಲಿಕ್ ಬ್ರೇಕಿಗಿಂತ ಚೆನ್ನಾಗಿ ಅಡ್ಜಸ್ಟ್ ಮಾಡಿದ ಮೆಕ್ಯಾನಿಕಲ್ ಬ್ರೇಕೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ರಬ್ಬರ್ ಟ್ರ್ಯಾಕ್ ಹಾಕುವ ಯೋಚನೆ ಇದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಟ್ರ್ಯಾಕ್ ಹಾಕಿದ ಗಾಡಿ ತಿರುಗಲು ಬಹಳ ಹೆಚ್ಚು ಬಲ ಕೇಳುತ್ತದೆ, ಆ ಬಲ ಕೈಯಿಂದಲೂ ಡಿಸ್ಕಿನಿಂದಲೂ ಬರಬೇಕು. ಅಂಥವರು ಹೈಡ್ರಾಲಿಕ್ ಇರುವ ಮಾದರಿಯನ್ನೇ ಕೊಳ್ಳಲಿ, ಡಿಸ್ಕಿಗೆ ಗಾಳಿ ಊದುವ ಕೂಲಿಂಗ್ ಫ್ಯಾನ್ ಕಿಟ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬರೀ ಟೈರಿನ ಗಾಡಿಯವರು ತಿರುವಿಗೆ ಲೋ ಗೇರ್ ಹಾಕಿ, ಲಿವರನ್ನು ಉದ್ದಕ್ಕೆ ಎಳೆದು ಹಿಡಿಯದೆ ಚಿಕ್ಕ ಚಿಕ್ಕದಾಗಿ ಎಳೆದು, ಡಾಂಬರಿನ ಮೇಲೆ ಸುಮ್ಮನೆ ತಿರುಗಿಸದೆ ಇದ್ದರೆ ಪ್ಯಾಡ್ ಬಹಳ ಕಾಲ ಬಾಳುತ್ತದೆ.

ಕೊಳ್ಳಲು ಹೋದಾಗ ಹುಲ್ಲು ಅಥವಾ ಜಲ್ಲಿ ನೆಲದಲ್ಲಿ, ಲೋ ಗೇರಿನಲ್ಲಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ಸುತ್ತು ಹೊಡೆಸಿ. ಲಿವರ್ ಕೊನೆಯವರೆಗೆ ಬಂದು ತಿರುಗದಿದ್ದರೆ ಬೆಲೆ ಇಳಿಸಿ ಕೇಳಿ, ಅದು ನಟ್ಟು, ಪಿನ್ನು, ಪ್ಯಾಡಿನಲ್ಲಿ ಮುಗಿಯುವ ಕೆಲಸ. ಲಿವರ್ ಗಟ್ಟಿಯಾಗಿದ್ದೂ ತಿರುಗದೆ, ಗೇರ್‌ಬಾಕ್ಸಿನ ಶಾಫ್ಟಿನ ಬುಡ ಎಣ್ಣೆಯಲ್ಲಿ ಒದ್ದೆಯಾಗಿದ್ದರೆ, ಡಿಸ್ಕ್, ಚೈನ್ ಎಲ್ಲ ಕಳಚಿ ಸೀಲ್ ಬದಲಿಸುವ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಿ.